ಬಸುರಿ ಹೆಂಡತಿಯನ್ನು ಕೈಗಾ ಹತ್ತಿರ ಕರೆತರಬಹುದಾ?

ಹೆಂಡತಿಗೆ ಮೂರು ತಿಂಗಳು, ನಿಮಗೆ ಮಲ್ಲಾಪುರಕ್ಕೆ ವರ್ಗ. ಕೈಗಾ ಅಣುಸ್ಥಾವರ ಹತ್ತಿರ ಇರುವುದರಿಂದ ಅವರನ್ನು ಶಿರಸಿಯ ತವರಲ್ಲೇ ಬಿಡಬೇಕಾ ಅಂತ ಕೇಳಿದ್ದೀರಿ. ವಿಕಿರಣಕ್ಕೆ ಹೆದರಿ ಬಿಡಬೇಡಿ. ಬಿಡುವುದಕ್ಕೆ ಬೇರೆ ಕಾರಣ ಇರಬಹುದು, ಅದನ್ನು ಆಮೇಲೆ ಹೇಳುತ್ತೇನೆ.

ನಾನೂ ಮಲ್ಲಾಪುರದಲ್ಲೇ ಬಸುರಿಯಾಗಿದ್ದವಳು. 2009 ರ ನವೆಂಬರ್, ಎರಡು ತಿಂಗಳು ದಾಟಿತ್ತು. ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ (ವಿಕಿರಣ ಸೂಸುವ ಜಲಜನಕ) ಸೇರಿದೆ, 50 ಕ್ಕೂ ಹೆಚ್ಚು ಕೆಲಸಗಾರರ ಮೂತ್ರದಲ್ಲಿ ಅದು ಸಿಕ್ಕಿದೆ ಅಂತ ಸುದ್ದಿ ಬಂತು. ಅಂಕೋಲೆಯಿಂದ ಆಯಿ ಫೋನ್ ಮಾಡಿ "ಇವತ್ತೇ ಹೊರಟು ಬಾ" ಅಂದಳು. ಅತ್ತೆ ಕಾಳಿ ನದಿಯ ಮೀನು ನಿಲ್ಲಿಸಿದರು. ಬಂಗಡೆಗೆ ಮಾತ್ರ ವಿನಾಯಿತಿ, ಅದು ಸಮುದ್ರದ್ದಲ್ವಾ! ಆ ನೀರು ಕುಡಿದವರು ಒಳಗಿನ ಕೆಲಸಗಾರರು, ನಮ್ಮ ಮನೆಯ ನಲ್ಲಿಗೂ ಆ ಕೂಲರ್‌ಗೂ ಸಂಬಂಧವೇ ಇಲ್ಲ. ಇದು ತಲೆಗೆ ಹೋಗಲು ನನಗೆ ಒಂದು ವಾರ ಬೇಕಾಯಿತು.

ಆಗ ಕೂತು ಓದಿಕೊಂಡೆ. ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ವಿಕಿರಣ ತಗಲುತ್ತದೆ. ಶಿರಸಿಗೆ ಹೋದರೂ ಇದು ಬಿಡುವುದಿಲ್ಲ. ಸ್ಥಾವರದಿಂದ ಸುತ್ತಲಿನ ಜನರಿಗೆ ಅದರ ಮೇಲೆ ವರ್ಷಕ್ಕೆ 1 ಮಿಲಿಸೀವರ್ಟ್ ತನಕ ತಗಲಬಹುದು ಅಂತ ಮಿತಿ ಇದೆ. ಕೈಗಾ ಸುತ್ತ ಲೆಕ್ಕಕ್ಕೆ ಸಿಗುವುದು ಆ ಮಿತಿಯ ನೂರರಲ್ಲಿ ಒಂದು ಪಾಲೂ ಅಲ್ಲ. ಹೊಟ್ಟೆಯಲ್ಲಿರುವ ಮಗುವಿಗೆ ಅಂಗದೋಷ ಬರುವ ಮಾತು ಶುರುವಾಗುವುದೇ ಸುಮಾರು 100 ಮಿಲಿಸೀವರ್ಟ್ ಮೇಲೆ. 8 ರಿಂದ 15 ನೇ ವಾರದಲ್ಲಿ ಮೆದುಳು ತುಂಬಾ ಸೂಕ್ಷ್ಮ ಅನ್ನುವುದು ನಿಜ. ಅದು ಗೊತ್ತಾದದ್ದು ಬಾಂಬ್ ಬಿದ್ದ ಹಿರೋಶಿಮಾ, ನಾಗಸಾಕಿಯ ಬಸುರಿಯರ ಮಕ್ಕಳಿಂದ.

ಹಾಗಂತ ಹೆದರುವವರೆಲ್ಲ ಸುಮ್ನೆ ಹೆದರುತ್ತಾರೆ ಅನ್ನಲಾರೆ. ರಾಜಸ್ಥಾನದ ರಾವತ್‌ಭಾಟಾ ಸ್ಥಾವರದ ಹತ್ತಿರದ ಹಳ್ಳಿಗಳಲ್ಲಿ 1991 ರಲ್ಲಿ ವೈದ್ಯೆ ಸಂಘಮಿತ್ರಾ, ಭೌತವಿಜ್ಞಾನಿ ಸುರೇಂದ್ರ ಗಾಡೇಕರ್ ದಂಪತಿ ಮನೆಮನೆ ಸುತ್ತಿ ಲೆಕ್ಕ ಹಾಕಿದ್ದರು. ದೂರದ ಹಳ್ಳಿಗಳಿಗಿಂತ ಅಲ್ಲಿ ಅಂಗದೋಷ, ಗರ್ಭಪಾತ ಜಾಸ್ತಿ ಅಂತ ಬರೆದರು. ಸರ್ಕಾರದ ಕಡೆಯವರು ಒಪ್ಪಲಿಲ್ಲ. ನನಗೆ ಅಡ್ಡ ಬರುವುದು ಸಂಖ್ಯೆ. ಗೊತ್ತಾದ ಬಸಿರುಗಳಲ್ಲೂ 100 ಕ್ಕೆ 10-15 ಎಲ್ಲಿದ್ದರೂ ನಿಲ್ಲುವುದಿಲ್ಲ. ಕೆಲವೇ ಹಳ್ಳಿಗಳಲ್ಲಿ ನಾಲ್ಕು ಹೆಚ್ಚು ಕಡಿಮೆಯಾದರೂ ಚಿತ್ರ ಬದಲಾಗುತ್ತದೆ. ಕೇರಳದ ಕೊಲ್ಲಂ ಕರಾವಳಿಯ ಮರಳಲ್ಲಿ ವಿಕಿರಣ ಸೂಸುವ ಥೋರಿಯಂ ಇದೆ, ಅಲ್ಲಿ ಸಹಜ ವಿಕಿರಣವೇ ಹಲವು ಪಟ್ಟು. 1995 ರಿಂದ ಅಲ್ಲಿ 1.4 ಲಕ್ಷ ಹೆರಿಗೆ ನೋಡಿದ್ದಾರೆ. ವಿಕಿರಣ ಹೆಚ್ಚಿದ್ದ ಕಡೆ ಸತ್ತು ಹುಟ್ಟುವ ಮಕ್ಕಳಾಗಲಿ ಅಂಗದೋಷವಾಗಲಿ ಜಾಸ್ತಿ ಕಾಣಲಿಲ್ಲ. ನಾನು ನಂಬಿದ್ದು ಇದನ್ನು.

ನಿಮ್ಮ ಹೆಂಡತಿಗೂ ಸ್ಥಾವರದೊಳಗೇ ಕೆಲಸ ಇದ್ದರೆ ಮಾತು ಬೇರೆ. ಬಸಿರಿನ ವಿಷಯ ಸ್ಥಾವರದವರಿಗೆ ಕೂಡಲೇ ಬರೆದು ತಿಳಿಸಲಿ. ಟ್ರಿಟಿಯಂ ತಾಯಿಯಿಂದ ಮಗುವಿಗೂ ಹೋಗುತ್ತದೆ.

ಇನ್ನು ಆ ಬೇರೆ ಕಾರಣ. ನನಗೆ ಜೂನ್‌ನಲ್ಲಿ ನೋವು ಬಂದಾಗ ರಾತ್ರಿ, ಜಡಿಮಳೆ. ರಸ್ತೆಗೆ ಮರ ಬಿದ್ದು ಕಾರವಾರದ ದಾರಿಯಲ್ಲೇ ಒಂದೂವರೆ ತಾಸು ನಿಂತೆವು. ಒಂಬತ್ತು ತಿಂಗಳಲ್ಲಿ ನಾನು ನಿಜವಾಗಿ ನಡುಗಿದ್ದು ಆಗಲೇ. ನಿಮ್ಮದೂ ಮಳೆಗಾಲಕ್ಕೆ ಬೀಳುವುದಾದರೆ ಎಂಟು ತುಂಬುವಷ್ಟರಲ್ಲಿ ಅವರು ಕಾರವಾರದಲ್ಲೋ ಶಿರಸಿಯಲ್ಲೋ ಆಸ್ಪತ್ರೆಯ ಹತ್ತಿರ ಇರಲಿ.