ದನದ ಕೊಟ್ಟಿಗೆ ಇರೋ ಮನೆ ಮಕ್ಕಳಿಗೆ ಅಸ್ತಮಾ ಕಡಿಮೆ ಅಂತಾರಲ್ಲ, ನಿಜವೇ?

ಸುಮ್ನೆ ಹೇಳೋ ಮಾತಲ್ಲ, ಇದಕ್ಕೆ ಒಳ್ಳೆಯ ಪುರಾವೆ ಇದೆ. ಅಮೆರಿಕದಲ್ಲಿ ಅಮಿಶ್ ಮತ್ತು ಹಟರೈಟ್ ಎಂಬ ಎರಡು ರೈತ ಸಮುದಾಯಗಳಿವೆ. ಇಬ್ಬರ ಮೂಲವೂ ಮಧ್ಯ ಯುರೋಪ್. ದೊಡ್ಡ ಕುಟುಂಬ, ಊಟ, ಎದೆಹಾಲು, ಲಸಿಕೆ ಎಲ್ಲ ಹೆಚ್ಚುಕಮ್ಮಿ ಒಂದೇ. ಆದರೂ ಶಾಲೆಗೆ ಹೋಗುವ ಮಕ್ಕಳಲ್ಲಿ ಅಸ್ತಮಾ ಅಮಿಶರಲ್ಲಿ ಸುಮಾರು ಶೇ 5, ಹಟರೈಟರಲ್ಲಿ ಶೇ 21!

ವ್ಯತ್ಯಾಸ ಕೊಟ್ಟಿಗೆಯಲ್ಲಿದೆ. ಅಮಿಶರು ಇವತ್ತಿಗೂ ಕುದುರೆ ಕಟ್ಟಿ ಉಳುತ್ತಾರೆ. ಕೊಟ್ಟಿಗೆ ಮನೆ ಪಕ್ಕದಲ್ಲೇ, ಮಕ್ಕಳ ಆಟವೂ ಅಲ್ಲೇ. ಹಟರೈಟರದು ಯಂತ್ರಗಳ ದೊಡ್ಡ ಫಾರಂ, ಚಿಕ್ಕ ಮಕ್ಕಳು ಅತ್ತ ಸುಳಿಯುವುದು ಕಡಿಮೆ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡೂ ಕಡೆಯ ಮನೆ ದೂಳನ್ನು ಇಲಿಗಳ ಮೂಗಿಗೆ ಬಿಟ್ಟು ನೋಡಿದರು. ಅಮಿಶ್ ಮನೆಯ ದೂಳು ಇಲಿಗಳನ್ನು ಅಸ್ತಮಾದಿಂದ ಕಾಪಾಡಿತು, ಇನ್ನೊಂದು ಕಾಪಾಡಲಿಲ್ಲ. ಅಮಿಶ್ ದೂಳಿನಲ್ಲಿ ಬ್ಯಾಕ್ಟೀರಿಯಾದ ಅಂಶ ತುಂಬಾ ಜಾಸ್ತಿ ಇತ್ತು. ದೇಹದ ಹುಟ್ಟು ರೋಗನಿರೋಧಕ ಶಕ್ತಿಯನ್ನು ಅದು ಪಳಗಿಸುತ್ತದೆ.

ಹಾಗಂತ ಈಗಾಗಲೇ ಉಬ್ಬಸ ಇರೋ ಮಗುವನ್ನು ಕೊಟ್ಟಿಗೆಗೆ ಕರ್ಕೊಂಡು ಹೋಗಬೇಡಿ. ಇದು ಎಳವೆಯಿಂದಲೇ ಆಗುವ ರೂಢಿ, ಚಿಕಿತ್ಸೆ ಅಲ್ಲ. ಮನೆಯೊಳಗೆ ಯಾರಾದ್ರೂ ಬೀಡಿ, ಸಿಗರೇಟು ಸೇದ್ತಿದ್ದರೆ ಮೊದಲು ಅದನ್ನ ನಿಲ್ಲಿಸಿ.