ಸೈಕಲ್ ಬಿಟ್ಟು ಬರಬೇಡ ತಂಗಿ

ತಂಗಿ, ನೀನು ಜಮಖಂಡಿಯವಳು, ಶಾಲೆಯಿಂದಲೂ ಸೈಕಲ್ ರೇಸ್ ಹೊಡೆದವಳು, ಈಗ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ನೌಕರಿ ಸಿಕ್ಕಿದೆ. ಅಲ್ಲಿ ಜೀವನ ಹೇಗಿರುತ್ತೆ, ಮೊದಲು ಸೆಟಲ್ ಆಗು, ಸೈಕಲ್ ಆಮೇಲೆ ನೋಡಿದರಾಯ್ತು ಅಂತ ಮನೆಯಲ್ಲಿ ಹೇಳ್ತಾರೆ, ಏನು ಮಾಡಲಿ ಅಂತ ಕೇಳಿದ್ದೀಯ. ನಾನು ವಿಜಯಪುರದವಳು, ಇಲ್ಲಿಗೆ ಬಂದು ಬಹಳ ವರ್ಷ ಆಯ್ತು. ಸೈಕಲ್ ತಗೊಂಡೇ ಬಾ. ಮೊದಲ ವಾರದಿಂದಲೇ ಹೊಡಿ.

ಕಾಗದಪತ್ರದ ಕೆಲಸ ಹೇಗೂ ಆಗುತ್ತದೆ. ನಗರಸಭೆಯಲ್ಲಿ ವಿಳಾಸ ನೋಂದಾಯಿಸಿದರೆ ಬಿಎಸ್‌ಎನ್ ಅಂತ ನಮ್ಮ ಆಧಾರ್ ಥರದ ಒಂದು ನಂಬರ್ ಕೊಡ್ತಾರೆ, ನಾಲ್ಕು ತಿಂಗಳೊಳಗೆ ಆರೋಗ್ಯ ವಿಮೆ ಮಾಡಿಸಬೇಕು. ಬಾಡಿಗೆ ಮನೆ ಸಿಗೋದು ಕಷ್ಟ, ಈಗಿನಿಂದಲೇ ಹುಡುಕು. ಇದನ್ನೆಲ್ಲ ಎಲ್ಲರೂ ಹೇಳ್ತಾರೆ, ಶನಿವಾರ ಭಾನುವಾರದ ಬಗ್ಗೆ ಮಾತ್ರ ಯಾರೂ ಹೇಳುವುದಿಲ್ಲ. ಆಫೀಸಿನಲ್ಲಿ ಜನ ಚೆನ್ನಾಗಿ ಮಾತಾಡ್ತಾರೆ, ಸಂಜೆ ಎದ್ದು ಮನೆಗೆ ಹೋಗ್ತಾರೆ. ನಮ್ಮ ಕಡೆಯ ಹಾಗೆ ಸುಮ್ನೆ ಬಾಗಿಲು ತಟ್ಟಿ ಚಹಾ ಕುಡಿಯೋಕೆ ಬರುವವರು ಇಲ್ಲಿ ಇಲ್ಲ. ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದೇ ಎಂಟೂವರೆ ದಾಟಿದ ಮೇಲೆ, ಸಂಜೆ ನಾಲ್ಕೂವರೆಗೆಲ್ಲ ಮುಳುಗಿಬಿಡುತ್ತದೆ. ಆಗ ಮನಸ್ಸು ತುಂಬುವ ಒಂದು ಹುಚ್ಚು ಇಲ್ಲದವರು ಊರಿನ ವಿಡಿಯೊ ನೋಡ್ತಾ ರೂಮಿನಲ್ಲೇ ಕೂತುಬಿಡ್ತಾರೆ. ಒಳ್ಳೆ ಹುಡುಗ ಹುಡುಗಿಯರು, ನೋಡಿದರೆ ಸಂಕಟ ಆಗುತ್ತದೆ.

ನನಗೆ ಇಲ್ಲಿ ಜನ ಸಿಕ್ಕಿದ್ದು ಸೈಕಲ್‌ನಿಂದ. ಊರೂರಿಗೂ ಕ್ಲಬ್ ಇವೆ, ಭಾನುವಾರ ಬೆಳಗ್ಗೆ ವೇಗ ನೋಡಿ ಗುಂಪು ಮಾಡಿಕೊಂಡು ಹೊರಡ್ತಾರೆ. ಡಚ್ ಮಾತು ನಾನು ಕ್ಲಾಸಿಗಿಂತ ಅಲ್ಲೇ ಜಾಸ್ತಿ ಕಲಿತೆ, ಯಾಕೆಂದರೆ ಮುಂದಿನವರು ಗುಂಡಿ, ಕಾರು, ಬ್ರೇಕ್ ಅಂತ ಕೂಗಿದ್ದನ್ನು ಹಿಂದಿನವರಿಗೆ ಕೂಗಿ ಮುಟ್ಟಿಸಲೇಬೇಕು. ನೆಲ ಸಮತಟ್ಟು, ಅದಕ್ಕೇ ಗಾಳಿಗೆ ತಡೆಯೇ ಇಲ್ಲ. ಸಿಂದಗಿ ರಸ್ತೆಯ ಎರೆ ಹೊಲಗಳ ನಡುವೆ ಎದುರುಗಾಳಿಯಲ್ಲಿ ಸೈಕಲ್ ಹೊಡೆದ ನಮಗೆ ಗಾಳಿ ಹೊಸದಲ್ಲ, ಆದರೆ ಅಡ್ಡಗಾಳಿ ಬಂದಾಗ ಇಲ್ಲಿನವರು ರಸ್ತೆಗೆ ಓರೆಯಾಗಿ ಸಾಲು ಕಟ್ಟಿ, ಒಬ್ಬರ ಮರೆಯಲ್ಲಿ ಇನ್ನೊಬ್ಬರು ನಿಂತು, ಸರದಿ ಬಂದ ಹಾಗೆ ಮುಂದೆ ಬಂದು ಗಾಳಿಗೆ ಎದೆಯೊಡ್ಡಿ ಸಾಲನ್ನು ಎಳೆದು ಹಿಂದೆ ಸರಿಯುವ ರೀತಿ ಇದೆಯಲ್ಲ, ಅದನ್ನು ನೀನು ಅದರೊಳಗೇ ಇದ್ದು ನೋಡಬೇಕು! ನಿನ್ನ ಸರದಿಯಲ್ಲಿ ಜೀವ ಹಾಕಿ ಎಳಿ. ಆಮೇಲೆ ಕಾಫಿಗೆ ನಿಂತಾಗ ನಿನಗೂ ಒಂದು ಕುರ್ಚಿ ಹಾಕ್ತಾರೆ. ನಾನು ಜೇಬಿನಲ್ಲಿ ಶೇಂಗಾ ಉಂಡಿ ಒಯ್ಯುತ್ತೇನೆ, ಈಗ ಅವರೇ ಕೇಳಿ ಇಸಕೊಂಡು ತಿಂತಾರೆ.

ನಮ್ಮ ಕಡೆ ಸೈಕ್ಲಿಂಗ್‌ನಿಂದ ರೈಲ್ವೆ, ಮಿಲಿಟರಿ ನೌಕರಿ ಹಿಡಿದವರು ಬಹಳ ಜನ. ಅದರ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ನೌಕರಿ ಸಿಕ್ಕಿತು, ಇನ್ನು ಸೈಕಲ್ ಯಾಕೆ ಅನ್ನುವ ಮಾತು ಮಾತ್ರ ನನಗೆ ಯಾವತ್ತೂ ಒಪ್ಪಿಗೆ ಆಗಿಲ್ಲ. ಇಷ್ಟಪಟ್ಟಿದ್ದನ್ನು ಮಾಡೋಕೆ ಇನ್ನೊಂದು ಕಾರಣ ಬೇಕಾ? ಇಲ್ಲಿ ಎಪ್ಪತ್ತರ ಅಜ್ಜಂದಿರು ನನ್ನ ಪಕ್ಕದಲ್ಲೇ ಹೊಡೀತಾರೆ.

ನಿನಗೆ ಸಿಗುವ ಊರಂತೂ ಸೈಕಲ್‌ಗೆ ಹೇಳಿ ಮಾಡಿಸಿದ್ದು. ಐಂಡ್‌ಹೋವನ್ ಮತ್ತು ವೆಲ್ಡ್‌ಹೋವನ್ ನಡುವೆ ಹೋವೆನ್‌ರಿಂಗ್ ಅಂತ ಇದೆ, ಕಾರಿನ ರಸ್ತೆಯ ಮೇಲೆ ತಂತಿಗಳಿಂದ ತೂಗು ಹಾಕಿದ ಸೈಕಲ್ ವೃತ್ತ, 2012ರಲ್ಲಿ ತೆರೆದದ್ದು. ಊರು ದಾಟಿದರೆ ಕೂಡುದಾರಿಗಳಿಗೆ ನಂಬರ್ ಹಾಕಿದ್ದಾರೆ, ನಾಲ್ಕೈದು ನಂಬರ್ ಚೀಟಿಯಲ್ಲಿ ಬರೆದುಕೊಂಡರೆ ಮೊಬೈಲ್ ಇಲ್ಲದೆ ಇಡೀ ದಿನ ತಿರುಗಬಹುದು. ಏರು ಬೇಕು ಅನಿಸಿದರೆ ದಕ್ಷಿಣಕ್ಕೆ ವಾಲ್ಕೆನ್‌ಬರ್ಗ್‌ಗೆ ಹೋಗು, ಅಲ್ಲಿನ ಕೌಬರ್ಗ್ ಏರು ಆಮ್‌ಸ್ಟೆಲ್ ಗೋಲ್ಡ್ ರೇಸ್ ಅನ್ನುವ ಇಲ್ಲಿನ ದೊಡ್ಡ ಸೈಕಲ್ ರೇಸ್‌ನಿಂದ ಹೆಸರಾದದ್ದು. ಆಫೀಸಿನ ವೇಳೆಯಲ್ಲಿ ರೈಲಿನಲ್ಲಿ ಸೈಕಲ್ ಬಿಡುವುದಿಲ್ಲ, ಶನಿವಾರ ಭಾನುವಾರ ಬಿಡ್ತಾರೆ, ಅದಕ್ಕೆ ಬೇರೆ ಟಿಕೆಟ್ ತಗೋಬೇಕು.

ಪ್ಯಾಕ್ ಮಾಡುವಾಗ ಪೆಡಲ್ ಬಿಚ್ಚು, ಎಡಗಡೆಯದು ಉಲ್ಟಾ ತಿರುಗುತ್ತೆ ಅನ್ನೋದು ನಿನಗೆ ಗೊತ್ತೇ ಇರುತ್ತೆ. ಕತ್ತಲಲ್ಲಿ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಇರಲೇಬೇಕು, ಇಲ್ಲದಿದ್ದರೆ ದಂಡ. ಗಾಳಿ ತಡೆಯುವ ಜಾಕೆಟ್ ಇಲ್ಲೇ ಕೊಂಡುಕೋ. ಯಾವ ತಾರೀಖಿಗೆ ಬರ್ತೀಯ, ಫ್ರೇಮ್ ಸೈಜ್ ಎಷ್ಟು ಅಂತ ಬರಿ. ಡಬ್ಬದಿಂದ ತೆಗೆದು ಜೋಡಿಸೋಕೆ ನಾನೇ ಪಾನಾ ಹಿಡ್ಕೊಂಡು ಬರ್ತೀನಿ.