ಅಂಗೈ ತುರಿಕೆ, ಕಾಮಣಿ ಪುಡಿ ಮತ್ತು ಬಾಣಂತಿಯ ಹಾಲು

ಪತ್ರ: ಅಕ್ಕಾ, ಬಾಣಂತನಕ್ಕೆ ಅಂತ ಗದಗ ಹತ್ತಿರದ ತವರಿಗೆ ಬಂದಿದ್ದೇನೆ. ಎಂಟನೇ ತಿಂಗಳಲ್ಲಿ ಅಂಗೈ, ಅಂಗಾಲು ತುರಿಸಿ ರಾತ್ರಿ ನಿದ್ದೆನೇ ಇರಲಿಲ್ಲ. ಲಿವರ್ ತೊಂದರೆ ಅಂತ ಮಾತ್ರೆ ಕೊಟ್ಟರು, ದಿನ ತುಂಬೋ ಮೊದಲೇ ಹೆರಿಗೆ ಮಾಡಿಸಿದರು. ಈಗ ಕೂಸಿಗೆ 24 ದಿನ. ಮೊನ್ನೆ ಲಿವರಿನ ರಕ್ತ ಪರೀಕ್ಷೆಯಲ್ಲಿ ಎಸ್‌ಜಿಪಿಟಿ 62 ಬಂತು, ಆಲ್ಕಲೈನ್ ಫಾಸ್ಫಟೇಸ್ ಕೂಡ ಜಾಸ್ತಿ ಇದೆ. ಹಾಲು ಕುಡಿಸಿದರೆ ಕೂಸಿಗೂ ಕಾಮಣಿ ಬರುತ್ತದೆ ಅಂತ ಅವ್ವ ಹೆದರಿದ್ದಾಳೆ. ತುಪ್ಪ, ಅಂಟಿನ ಉಂಡಿ ಬಂದ್ ಮಾಡಿ ಬರೀ ಗಂಜಿ ಕೊಡುತ್ತಾಳೆ, ಕಾಮಣಿ ಪುಡಿನೂ ತರಿಸಿದ್ದಾಳೆ. ಏನು ಮಾಡಲಿ?

ಸಂಪಾದಕರ ಉತ್ತರ: ತಂಗಿ, ಮೊದಲು ಹಾಲಿನ ಮಾತು. ಕುಡಿಸಿ. ಈ ಪತ್ರಿಕೆ ನಿಮ್ಮ ಕೈಗೆ ಬರುವ ಹೊತ್ತಿಗೆ ನಿಲ್ಲಿಸಿದ್ದರೆ ಮತ್ತೆ ಶುರು ಮಾಡಿ. ನಿಮಗೆ ಆಗಿದ್ದು ಅಂಟುವ ಕಾಯಿಲೆ ಅಲ್ಲ. ಬಸುರಿನ ಕೊನೆಯ ತಿಂಗಳುಗಳಲ್ಲಿ ಹಾರ್ಮೋನ್ ಏರಿದಾಗ ಕೆಲವರಿಗೆ ಲಿವರಿನಿಂದ ಪಿತ್ತ ಸರಿಯಾಗಿ ಹರಿಯುವುದಿಲ್ಲ, ಅದರ ಆಮ್ಲ ರಕ್ತಕ್ಕೆ ಸೇರುತ್ತದೆ, ಮೈಮೇಲೆ ಒಂದು ಗುಳ್ಳೆಯೂ ಇಲ್ಲದೆ ಅಂಗೈ ಅಂಗಾಲು ತುರಿಸುತ್ತವೆ, ಅದೂ ರಾತ್ರಿ ಜಾಸ್ತಿ. ಇದಕ್ಕೆ ಡಾಕ್ಟರರು ಕೊಲೆಸ್ಟಾಸಿಸ್ ಅನ್ನುತ್ತಾರೆ. ಅಪಾಯ ಇದ್ದದ್ದು ಹೊಟ್ಟೆಯೊಳಗಿನ ಕೂಸಿಗೆ. ಅದಕ್ಕೇ ಬೇಗ ಹೆರಿಗೆ ಮಾಡಿಸಿದ್ದು. ಈಗ ಕೂಸು ನಿಮ್ಮ ಮಡಿಲಲ್ಲಿದೆ, ಹಾಲಿನಿಂದ ಅದಕ್ಕೆ ಈ ತೊಂದರೆ ಹೋಗುವುದಿಲ್ಲ. ನಿಮಗೆ ಕೊಟ್ಟಿದ್ದು ಉರ್ಸೋಡಿಯಾಕ್ಸಿಕೋಲಿಕ್ ಮಾತ್ರೆ ಇರಬೇಕು, ಚೀಟಿ ನೋಡಿ. ಅದು ಹಾಲಿಗೆ ಇಳಿಯುವುದು ತೀರಾ ಕಡಿಮೆ. ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಕೂಡ ಹೇಳಿದಷ್ಟೇ ತೆಗೆದುಕೊಂಡರೆ ಹಾಲಿಗೆ ಅಡ್ಡಿಯಿಲ್ಲ.

ಇನ್ನು ಆ ರಿಪೋರ್ಟ್. ಆಲ್ಕಲೈನ್ ಫಾಸ್ಫಟೇಸ್ ಬರೀ ಲಿವರಿನದಲ್ಲ, ಬಸುರಿಯಲ್ಲಿ ಮಾಸು ಕೂಡ ಅದನ್ನು ಉಂಟುಮಾಡುತ್ತದೆ. ಮಾಸು ಬಿದ್ದ ಮೇಲೂ ಅದು ರಕ್ತದಿಂದ ಇಳಿಯೋಕೆ ಕೆಲವು ವಾರ ಬೇಕು. 24ನೇ ದಿನಕ್ಕೆ ಅದೊಂದು ಜಾಸ್ತಿ ಇದೆ ಅಂತ ಗಾಬರಿ ಬೇಡ. ಎಸ್‌ಜಿಪಿಟಿ 62 ಅಂದರೂ ಸ್ವಲ್ಪವೇ ಜಾಸ್ತಿ. ಹೆರಿಗೆಗೆ ಮುಂಚೆ ಎಷ್ಟಿತ್ತು? ಹಳೇ ರಿಪೋರ್ಟ್ ತೆಗೆದು ಪಕ್ಕದಲ್ಲಿಟ್ಟು ನೋಡಿ, ಇಳಿಯುತ್ತಾ ಬಂದಿದ್ದರೆ ಲಿವರ್ ಸುಧಾರಿಸುತ್ತಿದೆ ಅಂತಲೇ ಅರ್ಥ. ಆರು ವಾರಕ್ಕೆ ಇನ್ನೊಮ್ಮೆ ಮಾಡಿಸಿ, ಇದನ್ನು ಮಾತ್ರ ತಪ್ಪಿಸಬೇಡಿ. ಮೂರು ತಿಂಗಳಾದರೂ ಇಳಿಯದಿದ್ದರೆ ಪಿತ್ತಕೋಶದ ಕಲ್ಲೋ ಹೆಪಟೈಟಿಸೋ (ಲಿವರಿನ ಉರಿಯೂತ) ಬೇರೆ ಏನಾದರೂ ಇದೆಯಾ ಅಂತ ನೋಡಬೇಕಾಗುತ್ತದೆ.

ನನಗೆ ನಿಜವಾಗಿ ಭಯ ಇರುವುದು ಆ ಪುಡಿಯ ಬಗ್ಗೆ.

ನನ್ನ ತಂಗಿಯ ಬಾಣಂತನ ಹಾವೇರಿಯ ನಮ್ಮ ಮನೆಯಲ್ಲೇ ಆಯಿತು. ಕಣ್ಣು ಸ್ವಲ್ಪ ಹಳದಿ ಕಂಡಿತು ಅಂತ ಯಾರೋ ಕಾಮಣಿ ಔಷಧ ತಂದುಕೊಟ್ಟರು. ಪೇಪರಿನಲ್ಲಿ ಮಡಚಿದ ಏಳು ಪೊಟ್ಟಣ, ಕಪ್ಪು ಹಸಿರು ಪುಡಿ, ಖಾಲಿ ಹೊಟ್ಟೆಯಲ್ಲಿ ಮಜ್ಜಿಗೆ ಜೊತೆ. ನಾಲ್ಕನೇ ಪೊಟ್ಟಣಕ್ಕೆ ವಾಂತಿ ಶುರುವಾಯಿತು, ಕಣ್ಣು ಅರಿಶಿನದ ಹಾಗಾದವು. ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ್ದು ಒಂದೇ ಮಾತು, "ಇದರಲ್ಲಿ ಏನೇನಿದೆ?" ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಉಳಿದ ಮೂರು ಪೊಟ್ಟಣ ಕೈಯಲ್ಲಿ ಹಿಡಿದು ನಿಂತಿದ್ದೆ. ಅವಳು ಸುಧಾರಿಸೋಕೆ ಎರಡು ತಿಂಗಳು ಬೇಕಾಯಿತು.

ಗಿಡಮೂಲಿಕೆ ಅಂದ ಮಾತ್ರಕ್ಕೆ ಲಿವರಿಗೆ ಒಳ್ಳೆಯದು ಅಂತಲ್ಲ. ಅಮೃತಬಳ್ಳಿಯಿಂದ ಲಿವರಿಗೆ ಪೆಟ್ಟಾದವರ ಬಗ್ಗೆ ಮುಂಬೈನ ಡಾಕ್ಟರರು 2021ರಲ್ಲೇ ವರದಿ ಪ್ರಕಟಿಸಿದ್ದಾರೆ. ಆ ಪುಡಿ ಕುಡಿಯಬೇಡಿ, ಲಿವರ್ ಟಾನಿಕ್ ಅಂತ ಯಾರಾದರೂ ಕೊಟ್ಟರೆ ಅದೂ ಬೇಡ. ಬರೆ ಹಾಕಿಸುವ ಮಾತಂತೂ ಬೇಡವೇ ಬೇಡ, ನಿಮಗೂ, ಕೂಸಿಗೂ.

ಊಟ ಬಂದ್ ಮಾಡಿದ್ದು ಓದಿ ಹೊಟ್ಟೆ ಉರಿಯಿತು. ಹಾಲುಣಿಸುವ ತಾಯಿಗೆ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ಬೇಕು. ಬರೀ ಗಂಜಿ ಕುಡಿದು ಎಲ್ಲಿಂದ ತರುತ್ತೀರಿ? ರೊಟ್ಟಿ, ಹೆಸರುಬೇಳೆ, ಸಬ್ಬಸಗಿ ಪಲ್ಯ, ಹಾಲು ಎಲ್ಲ ಉಣ್ಣಿ. ಅಂಟಿನ ಉಂಡಿ ಬೆಳಿಗ್ಗೆ ಒಂದು ತಿನ್ನಿ, ತುಪ್ಪ ಹಿತಮಿತವಾಗಿರಲಿ. ಎಣ್ಣೆ ತುಪ್ಪ ತಿಂದಾಗೆಲ್ಲ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬಂದರೆ ಮಾತ್ರ ತೋರಿಸಿ, ಕಲ್ಲು ಇರಬಹುದು.

ಅವ್ವನ ಭಯಕ್ಕೆ ಬೇರೆ ಕಾರಣವೂ ಇರಬಹುದು. ಹುಟ್ಟಿದ ಕೂಸುಗಳಿಗೆ ಮೊದಲ ವಾರ ಹಳದಿ ಆಗುತ್ತದಲ್ವಾ, ಅದಕ್ಕೂ ನಿಮ್ಮ ಲಿವರಿಗೂ ಸಂಬಂಧವಿಲ್ಲ. ಆದರೆ ನಿಮ್ಮ ಕೂಸಿಗೆ ಎರಡು ವಾರ ದಾಟಿದೆ, ಆದ್ದರಿಂದ ಹಗಲು ಬೆಳಕಿನಲ್ಲಿ ಅದರ ಕಣ್ಣಿನ ಬಿಳಿ ಭಾಗ ನೋಡಿ. ಬಟ್ಟೆಯನ್ನೂ ನೋಡಿ. ಮಲ ಸಾಸಿವೆ ಬಣ್ಣ ಇದ್ದರೆ ಚಿಂತೆಯಿಲ್ಲ. ಸುಣ್ಣದ ಹಾಗೆ ಬೆಳ್ಳಗಿದ್ದರೆ, ಉಚ್ಚೆ ಬಟ್ಟೆಗೆ ಹಳದಿ ಕಲೆ ಬಿಡುತ್ತಿದ್ದರೆ ಅದೇ ದಿನ ಮಕ್ಕಳ ಡಾಕ್ಟರಿಗೆ ತೋರಿಸಿ. ಕೆಲವು ಕೂಸುಗಳಿಗೆ ಪಿತ್ತನಾಳವೇ ಮುಚ್ಚಿರುತ್ತದೆ. ಅದರ ಆಪರೇಷನ್ 60 ದಿನದೊಳಗೆ ಆದರೆ ಒಳ್ಳೆಯದು, ಅಲ್ಲಿ ಒಂದೊಂದು ವಾರವೂ ಲೆಕ್ಕಕ್ಕೆ ಬರುತ್ತದೆ.

ನಿಮಗೇ ಕಣ್ಣು ಹಳದಿಯಾದರೆ, ಉಚ್ಚೆ ಚಹಾ ಬಣ್ಣಕ್ಕೆ ತಿರುಗಿದರೆ, ವಾಂತಿ ನಿಲ್ಲದಿದ್ದರೆ, ಮಂಪರು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಗದಗಿನ ಸರ್ಕಾರಿ ಆಸ್ಪತ್ರೆ ಜಿಮ್ಸ್ ಇದೆ, ಹುಬ್ಬಳ್ಳಿಯಲ್ಲಿ ಹಿಂದೆ ಕಿಮ್ಸ್ ಅನ್ನುತ್ತಿದ್ದ ಕೆಎಂಸಿಆರ್‌ಐ ಆಸ್ಪತ್ರೆ ಇದೆ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ.

ತಾಯಿ ಕಾರ್ಡಿನಲ್ಲಿ ಹೆಪಟೈಟಿಸ್ ಬಿ ಇದೆ ಅಂತ ಬರೆಸಿಕೊಂಡ ಬೇರೆ ಓದುಗರೂ ಇರುತ್ತೀರಿ. ನೀವೂ ಹಾಲು ಬಿಡಿಸಬೇಕಿಲ್ಲ. ಕೂಸಿಗೆ ಹುಟ್ಟಿದ 24 ಗಂಟೆಯೊಳಗೆ ಲಸಿಕೆ, ಸಾಧ್ಯವಾದರೆ 12 ಗಂಟೆಯೊಳಗೆ ಇಮ್ಯುನೊಗ್ಲಾಬ್ಯುಲಿನ್ (ಕೂಡಲೇ ರಕ್ಷಣೆ ಕೊಡುವ) ಚುಚ್ಚುಮದ್ದು, ಆಮೇಲೆ 6, 10, 14ನೇ ವಾರದ ಲಸಿಕೆ ತಪ್ಪದೆ ಹಾಕಿಸಿ.

ಇನ್ನೊಂದು ಮಾತು, ತಂಗಿ. ಈಸ್ಟ್ರೊಜೆನ್ ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆಯಿಂದ ಈ ತುರಿಕೆ ಮರಳಬಹುದು, ಹಾಲುಣಿಸುವಾಗ ಮೊದಲ ಆರು ತಿಂಗಳು ಹೇಗಿದ್ದರೂ ಅದು ಬೇಡ. ಕಾಪರ್-ಟಿಗೆ ತೊಂದರೆಯಿಲ್ಲ. ಸರ್ಕಾರ ಕೊಡುವ ಛಾಯಾ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಮೊದಲು ಲಿವರ್ ತೊಂದರೆ ಆಗಿತ್ತು ಅಂತ ಆಶಾ ಅಕ್ಕನಿಗೆ ಹೇಳಿ. ಮುಂದಿನ ಬಸುರಿನಲ್ಲಿ ಇದು ಮತ್ತೆ ಬರುವ ಸಾಧ್ಯತೆ ಜಾಸ್ತಿ, ಆದ್ದರಿಂದ ಈ ಸಲದ ರಿಪೋರ್ಟುಗಳನ್ನೆಲ್ಲ ತಾಯಿ ಕಾರ್ಡಿನ ಜೊತೆ ಒಂದೇ ಚೀಲದಲ್ಲಿಟ್ಟು, ಮೊದಲ ತಪಾಸಣೆಗೆ ಹೋದ ದಿನವೇ ಡಾಕ್ಟರ ಮುಂದೆ ಇಡಿ.